ಚಾರ್ಲಿ ವಾಟ್ಸ್ ನುಡಿಸಿದ್ದರಲ್ಲಿ ಜಾಝ್ ಎಲ್ಲಿದೆ?

ಲಯಗಾರ
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ಬಗ್ಗೆ ಯಾರೇ ಬರೆಯಲಿ, ಎರಡನೇ ಸಾಲಲ್ಲೇ "ಮೂಲತಃ ಜಾಝ್ ಡ್ರಮ್ಮರ್" ಅಂತ ಬರುತ್ತೆ. ನಾನು ಚಿಕ್ಕಂದಿನಲ್ಲಿ ಮೃದಂಗ ಕಲಿತವನು, ಈಗ ಡ್ರಮ್ಸ್ ಕಲೀತಿದ್ದೀನಿ. ಸ್ಟೋನ್ಸ್ ಹಾಡುಗಳನ್ನ ಹೆಡ್‌ಫೋನ್ ಹಾಕ್ಕೊಂಡು ಒಂದೊಂದಾಗಿ ಕೇಳ್ತಾ ಇದ್ದೀನಿ. ನನಗೆ ಕೇಳಿಸೋದು ನೇರವಾದ ನಾಲ್ಕು ಎಣಿಕೆ, ಎರಡಕ್ಕೂ ನಾಲ್ಕಕ್ಕೂ ಸ್ನೇರ್ (ಚುರುಕು ಸದ್ದಿನ ಮುಖ್ಯ ಡ್ರಮ್) ಮೇಲೆ ಪೆಟ್ಟು, ಅಪರೂಪಕ್ಕೊಂದು ಸಣ್ಣ ಫಿಲ್, ಅಂದ್ರೆ ನಡುವೆ ತುಂಬೋ ಅಲಂಕಾರ. ಅಷ್ಟೇ. ಮನುಷ್ಯನಿಗೆ ಜಾಝ್ ಇಷ್ಟ ಇತ್ತು ಅನ್ನೋದು ಒಂದು ವಿಷಯ, ಅದು ಕೈಗೆ ಬರೋದು ಇನ್ನೊಂದು ವಿಷಯ ಅಲ್ವಾ? ಗೊತ್ತಿರೋರು ಯಾವ ಹಾಡು, ಯಾವ ಜಾಗ ಅಂತ ಬೆರಳಿಟ್ಟು ತೋರಿಸಿ.

ಹುಬ್ಬಳ್ಳಿ ಹುಡುಗ
ಖರೇ ಕೇಳೀರಿ. ನನಗೂ ಹಂಗ ಅನಸ್ತದ. ಇಂಗ್ಲೆಂಡಿನ ರಾಕ್‌ನ್ಯಾಗ ಜಾಝ್ ಬೇಕಂದ್ರ ಕ್ರೀಮ್ ತಂಡದ ಜಿಂಜರ್ ಬೇಕರ್ ಕೇಳ್ರಿ. ಎರಡು ಬಾಸ್ ಡ್ರಮ್ ಇಟ್ಕೊಂಡು ಆಫ್ರಿಕಾದ ಲಯ ಎಲ್ಲಾ ತಂದು ಹಾಕಿದ ಮನಷ್ಯಾ. ಇಲ್ಲಾಂದ್ರ ಜಿಮಿ ಹೆಂಡ್ರಿಕ್ಸ್ ಜೋಡಿ ನುಡಿಸಿದ ಮಿಚ್ ಮಿಚೆಲ್. ಜಾಝ್ ಡ್ರಮ್ಮರ್ ಎಲ್ವಿನ್ ಜೋನ್ಸ್ ಕೇಳಿ ಬೆಳೆದ ಕೈ ಅದು, ಮೊದಲ ನಿಮಿಷಕ್ಕ ಗೊತ್ತಾಗತೈತಿ. ಚಾರ್ಲಿ ಸಾದಾ ಡ್ರಮ್ಮರ್, ತಂಡ ದೊಡ್ಡದು. ಅದಕ್ಕ ಹೆಸರು ಬಂತು.

ಹಳೇ ರೆಕಾರ್ಡು
ಹುಬ್ಬಳ್ಳಿಯವರೇ, ನಿಮ್ಮ ಜಿಂಜರ್ ಬೇಕರ್ ಬ್ಲೂಸ್ ಇನ್‌ಕಾರ್ಪೊರೇಟೆಡ್ ತಂಡಕ್ಕೆ ಬಂದದ್ದು ಚಾರ್ಲಿ ಬಿಟ್ಟುಕೊಟ್ಟ ಜಾಗಕ್ಕೆ! ಅಲೆಕ್ಸಿಸ್ ಕಾರ್ನರ್ ಕಟ್ಟಿದ ಆ ತಂಡಕ್ಕೆ ಮೊದಲು ಡ್ರಮ್ ನುಡಿಸಿದವರಲ್ಲಿ ಚಾರ್ಲಿ ಒಬ್ಬರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ ಇತ್ತು.

ಲಯಗಾರರ ಪ್ರಶ್ನೆಗೆ ಉತ್ತರ ಹೇಳೋ ಮುಂಚೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1941ರ ಜೂನ್ 2, ಲಂಡನ್. ಯುದ್ಧ ಮುಗಿದ ಮೇಲೆ ವೆಂಬ್ಲಿಯಲ್ಲಿ, ಬಾಂಬು ಬಿದ್ದು ಮನೆ ಕಳಕೊಂಡವರಿಗಾಗಿ ತರಾತುರಿಯಲ್ಲಿ ಜೋಡಿಸಿ ನಿಲ್ಲಿಸಿದ ಸಿದ್ಧಮನೆಗಳಲ್ಲಿ ಒಂದರಲ್ಲಿ ಬೆಳೆದರು. ಪಕ್ಕದ ಮನೆ ಹುಡುಗ ಡೇವ್ ಗ್ರೀನ್. ಇಬ್ಬರೂ ಸೇರಿ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳನ್ನ ಕೂಡಿಹಾಕೋದು, ಜೆಲ್ಲಿ ರೋಲ್ ಮಾರ್ಟನ್, ಚಾರ್ಲಿ ಪಾರ್ಕರ್‌ನಂಥ ಜಾಝ್ ದಿಗ್ಗಜರನ್ನ ಕೇಳೋದು. ಆ ಡೇವ್ ಗ್ರೀನ್ ಮುಂದೆ ಇಂಗ್ಲೆಂಡಿನ ಹೆಸರಾಂತ ಜಾಝ್ ಬಾಸ್ ವಾದಕ ಆದರು. ಕೊನೇವರೆಗೂ ಚಾರ್ಲಿಯ ಜಾಝ್ ತಂಡಗಳಲ್ಲಿ ಅವರೇ ಬಾಸ್. ಇಂಥ ಗೆಳೆತನ ಅಪರೂಪ.

ಹದಿಮೂರರ ಆಸುಪಾಸಿನಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಜೆರಿ ಮಲಿಗನ್ ತಂಡದ ಒಂದು ರೆಕಾರ್ಡು ಕೈಗೆ ಸಿಕ್ಕಿತು. ಡ್ರಮ್ ಮೇಲೆ ಚಿಕೋ ಹ್ಯಾಮಿಲ್ಟನ್, ಸ್ಟಿಕ್ ಬಿಟ್ಟು ತಂತಿ ಬ್ರಷ್‌ನಲ್ಲಿ ನುಡಿಸಿದ್ದು. ಹುಡುಗನಿಗೆ ಆ ಸದ್ದು ತಲೆಗೆ ಹತ್ತಿಬಿಟ್ಟಿತು. ಮನೇಲಿ ಬ್ಯಾಂಜೋ ಅನ್ನೋ ತಂತಿವಾದ್ಯ ಇತ್ತು. ಅದರ ಕುತ್ತಿಗೆ ಕಳಚಿ, ಚರ್ಮ ಬಿಗಿದ ದುಂಡನೆ ಭಾಗವನ್ನ ಸ್ಟ್ಯಾಂಡ್ ಮೇಲಿಟ್ಟು, ಬ್ರಷ್ ಹಿಡಿದು ರೆಕಾರ್ಡಿನ ಜೊತೆ ನುಡಿಸೋಕೆ ಶುರು. ಆಮೇಲೆ ಅಪ್ಪ ಅಮ್ಮ ಡ್ರಮ್ ಸೆಟ್ ಕೊಡಿಸಿದರು.

ಶಿವಮೊಗ್ಗ ಎಕ್ಸ್‌ಪ್ರೆಸ್
ಅವರಪ್ಪ ರೈಲು ಓಡಿಸ್ತಿದ್ರು ಅಂತ ಎಲ್ಲೋ ಓದಿದ್ದೆ.

ಹಳೇ ರೆಕಾರ್ಡು
ರೈಲ್ವೆ ಕಂಪನಿಯ ಲಾರಿ. ಸರಕು ಸಾಗಿಸೋ ಲಾರಿ ಚಾಲಕ.

ಡ್ರಮ್ ಟೀಚರ್
ನಾನು ಮಕ್ಕಳಿಗೆ ಡ್ರಮ್ಸ್ ಹೇಳಿಕೊಡ್ತೀನಿ. ಹಾಗಾಗಿ ಕೈಯ ವಿಷಯ ಮಾತ್ರ ಹೇಳ್ತೀನಿ. ಲಯಗಾರ ಅವರೇ, ಆಡಿಯೋ ಬಿಟ್ಟು ವಿಡಿಯೋ ನೋಡಿ. ಮೊದಲು ಎಡಗೈ. ಚಾರ್ಲಿ ಸ್ಟಿಕ್ ಹಿಡಿಯೋದು ಅಂಗೈ ಮೇಲ್ಮುಖ, ಕೋಲು ಹೆಬ್ಬೆರಳ ಬುಡದಲ್ಲಿ ಸಿಕ್ಕಿಸಿ ಬೆರಳುಗಳ ನಡುವೆ ಹಾಯಿಸಿದ ಹಾಗೆ. ಸೈನ್ಯದ ಬ್ಯಾಂಡಿನಲ್ಲಿ ಡ್ರಮ್ ಓರೆಯಾಗಿ ನೇತಾಡ್ತಿದ್ದ ಕಾಲದ ಹಿಡಿತ ಅದು, ಜಾಝ್‌ನವರು ಉಳಿಸಿಕೊಂಡರು. ಜೋರು ಬೇಕು ಅಂತ ರಾಕ್‌ನವರು ಬಹಳಷ್ಟು ಜನ ಎರಡೂ ಕೈ ಒಂದೇ ಥರ ಹಿಡಿದು ಮೇಲಿಂದ ಬಾರಿಸ್ತಾರೆ. ಚಾರ್ಲಿ ಕ್ರೀಡಾಂಗಣಗಳಲ್ಲೂ ಹಳೇ ಹಿಡಿತ ಬಿಡಲಿಲ್ಲ.

ಎರಡನೇದು ಬಲಗೈ. ಸಾಮಾನ್ಯವಾಗಿ ರಾಕ್‌ನಲ್ಲಿ ಹೈ-ಹ್ಯಾಟ್ (ಕಾಲಿಂದ ಕೂಡಿಸೋ ಜೋಡಿ ಲೋಹದ ತಟ್ಟೆ) ಮೇಲೆ ನಾಲ್ಕು ಎಣಿಕೆಗೆ ಎಂಟು ಪೆಟ್ಟು, ಎಡಗೈ ಸ್ನೇರ್ ಹೊಡೆಯುವಾಗಲೂ ಬಲಗೈ ನಿಲ್ಲಲ್ಲ. ಚಾರ್ಲಿ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬಲಗೈ ಎತ್ತಿಬಿಡ್ತಾರೆ. ಎಂಟರಲ್ಲಿ ಎರಡು ಪೆಟ್ಟು ಇಲ್ಲ. ಆ ಕ್ಷಣ ಸ್ನೇರ್ ಒಂದೇ ಕೇಳುತ್ತೆ, ಬೇರೇನೂ ಅಡ್ಡ ಬರಲ್ಲ. ಸ್ನೇರ್ ಅಷ್ಟು ದಪ್ಪಗೆ ಕೇಳಿಸೋದಕ್ಕೆ ಬಲ ಕಾರಣ ಅಂದ್ಕೋತಾರೆ, ನಿಜವಾದ ಕಾರಣ ಆ ಖಾಲಿ. ನನ್ನ ವಿದ್ಯಾರ್ಥಿಗಳಿಗೆ ಇದನ್ನ ಮಾಡಿಸಿ ನೋಡಿದ್ದೀನಿ. ಜೋರಾಗಿ ಹೊಡೆಯೋ ಮಕ್ಕಳಿಗೇ ಇದು ಹೆಚ್ಚು ಕಷ್ಟ ಆಗುತ್ತೆ.

ಲಯಗಾರ
ಟೀಚರ್, ವಿಡಿಯೋ ನೋಡಿದೆ. ಬಲಗೈ ಎತ್ತೋದು ಸ್ಪಷ್ಟ ಕಾಣುತ್ತೆ, ಧನ್ಯವಾದ. ಆದರೆ ಇದು ಜಾಝ್ ಹೇಗೆ? ಜಾಝ್‌ನಲ್ಲಿ ಬಲಗೈ ಸಿಂಬಲ್ (ಲೋಹದ ತಟ್ಟೆ) ಮೇಲೆ ನಿರಂತರ ಓಡ್ತಾ ಇರುತ್ತಲ್ಲ. ಇದು ಅದಕ್ಕೆ ತದ್ವಿರುದ್ಧ.

ಡ್ರಮ್ ಟೀಚರ್
ಆ ಅಭ್ಯಾಸ ಜಾಝ್‌ನಿಂದ ಬಂತು ಅಂತ ನಾನು ಹೇಳ್ತಿಲ್ಲ. ಎಡಗೈ ಹಿಡಿತ ಜಾಝ್. ಸದ್ದಿನ ತೂಕ ಜಾಝ್. ಕಿಟ್ ನೋಡಿ: ಒಂದು ಬಾಸ್ ಡ್ರಮ್, ಒಂದು ಸ್ನೇರ್, ಎರಡು ಟಾಮ್. 1957ರ ಗ್ರೆಟ್ಶ್ ಕಂಪನಿ ಸೆಟ್ ಅದು. ಎದುರಿಗೆ 50 ಸಾವಿರ ಜನ ಇದ್ದರೂ ಕ್ಲಬ್‌ನಲ್ಲಿ ನುಡಿಸೋ ಗಾತ್ರದ ಕಿಟ್.

ಬಸವನಗುಡಿ 86
ಇದನ್ನ ನಾನೇ ನೋಡಿದ್ದೀನಿ! 2003ರ ಏಪ್ರಿಲ್ 4, ಬೆಂಗಳೂರು ಅರಮನೆ ಮೈದಾನ. ಸ್ಟೋನ್ಸ್ ಭಾರತಕ್ಕೆ ಬಂದು ನುಡಿಸಿದ ಮೊದಲ ಕಛೇರಿ ನಮ್ಮೂರಲ್ಲೇ ಆಗಿದ್ದು, ಆಮೇಲೆ ಮುಂಬೈ. ಅಷ್ಟು ದೊಡ್ಡ ವೇದಿಕೆ, ಆ ಕಡೆ ಈ ಕಡೆ ಸ್ಪೀಕರ್ ಗೋಪುರ, ಮಧ್ಯದಲ್ಲಿ ಪುಟ್ಟ ಡ್ರಮ್ ಸೆಟ್ ಹಿಂದೆ ಬಿಳಿ ತಲೆಯ ಸಣಕಲು ಮನುಷ್ಯ. ಕೂತ ಜಾಗದಿಂದ ಅಲ್ಲಾಡದೆ, ಭುಜ ಎತ್ತದೆ ನುಡಿಸ್ತಿದ್ರು. ನನ್ನ ಜೊತೆ ಬಂದ ನಮ್ಮ ಚಿಕ್ಕಪ್ಪ ಗಾಯಕ ಮಿಕ್ ಜಾಗರ್ ಕುಣಿತ ನೋಡೋಕೆ ಬಂದವರು. ಅರ್ಧ ಕಛೇರಿ ಆದ ಮೇಲೆ "ಏ, ಹಿಂದೆ ಕೂತಿರೋರನ್ನ ನೋಡೋ, ಅವರೇ ಯಜಮಾನ್ರು" ಅಂದ್ರು. ಜಾಗರ್ ತಂಡದವರ ಪರಿಚಯ ಮಾಡುವಾಗ ಚಾರ್ಲಿ ಹೆಸರಿಗೆ ಬಂದ ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಎದ್ದು ಒಂದು ಸಲ ತಲೆ ಬಾಗಿಸಿ ಮತ್ತೆ ಕೂತ್ಕೊಂಡ್ರು.

ಕುಡ್ಲದ ಕಿವಿ
ನಿಮ್ಮ ಚಿಕ್ಕಪ್ಪ ಸರಿಯಾಗಿಯೇ ಹೇಳಿದ್ದಾರೆ ಮಾರಾಯ್ರೆ. ಎಷ್ಟು ಜನ ಇದ್ರು ಅಲ್ಲಿ?

ಬಸವನಗುಡಿ 86
ಎಣಿಸೋ ಹಾಗಿರಲಿಲ್ಲ. ಮೈದಾನದ ಹಿಂದಿನ ಅಂಚು ಕಾಣ್ತಿರಲಿಲ್ಲ ಅಷ್ಟೇ ಗೊತ್ತು.

ಹುಬ್ಬಳ್ಳಿ ಹುಡುಗ
ಕಿಟ್ ಸಣ್ಣದು, ಮನಷ್ಯಾ ಶಾಂತ, ಎಲ್ಲಾ ಒಪ್ಪಿದೆ. ಆದ್ರ ಇವನ್ನ ನೋಡಿ ಜಾಝ್ ಅನ್ನಾಕ ಆಗೂದಿಲ್ಲ. ಜಾಝ್ ಅಂದ್ರ ಮನೋಧರ್ಮ. ಇದ್ದಲ್ಲೇ ಹುಟ್ಟಬೇಕು. ಇವರದು ದಿನಾ ಒಂದ ಹಾಡು, ಒಂದ ಠೇಕಾ. ಮತ್ತ "ಯೂ ಕಾಂಟ್ ಆಲ್ವೇಸ್ ಗೆಟ್ ವಾಟ್ ಯೂ ವಾಂಟ್" ಹಾಡಿನ ಡ್ರಮ್ ಚಾರ್ಲಿದಲ್ಲ, ಪ್ರೊಡ್ಯೂಸರ್ ಜಿಮ್ಮಿ ಮಿಲ್ಲರ್‌ದು. ಆ ಲಯ ಚಾರ್ಲಿಗೆ ಕೈಗೆ ಹತ್ತಲಿಲ್ಲ ಅಂತ ಮಿಲ್ಲರ್ ಕುಂತು ನುಡಿಸಿದ. "ಹ್ಯಾಪಿ" ಹಾಡಿನ್ಯಾಗೂ ಮಿಲ್ಲರ್‌ನ.

ಹಳೇ ರೆಕಾರ್ಡು
ನಿಜ, ಎರಡೂ ಮಿಲ್ಲರ್‌ದೇ. ಚಾರ್ಲಿ ಅದನ್ನ ಯಾವತ್ತೂ ಮುಚ್ಚಿಟ್ಟಿಲ್ಲ, ಮಿಲ್ಲರ್ ತನಗೆ ತುಂಬಾ ಕಲಿಸಿದರು ಅಂತಲೇ ಹೇಳ್ತಿದ್ರು. "ಹಾಂಕಿ ಟಾಂಕ್ ವಿಮೆನ್" ಶುರುವಿನ ಕೌಬೆಲ್ (ಕೋಲಿಂದ ಬಾರಿಸೋ ಗಂಟೆ) ಕೂಡ ಮಿಲ್ಲರ್ ಕೈಯದು. ಕೌಬೆಲ್ ಒಂದು ಕಡೆ ಎಳೀತಿರುತ್ತೆ, ಡ್ರಮ್ ಬೇರೆ ಎಣಿಕೆಯಲ್ಲಿ ಬಿದ್ದ ಹಾಗೆ ಕೇಳುತ್ತೆ, ಅಷ್ಟರಲ್ಲಿ ಕೀತ್ ರಿಚರ್ಡ್ಸ್ ಗಿಟಾರ್ ಬಂದು ಎಲ್ಲ ಕೂಡಿಕೊಳ್ಳುತ್ತೆ. ಹಾಡು ಮುಗಿಯೋ ಹೊತ್ತಿಗೆ ಶುರುವಿನಷ್ಟೇ ವೇಗದಲ್ಲಿಲ್ಲ, ಓಡ್ತಾ ಇರುತ್ತೆ. ಹಾಡು ಬಿಸಿಯಾದ ಹಾಗೆ ಲಯವೂ ಏರಿದೆ, ಯಾರೂ ಅದನ್ನ ತಿದ್ದೋಕೆ ಹೋಗಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಎಲ್ಲರೂ ಜಾಝ್ ಅಂದ್ರೆ ತುಂಬಾ ನುಡಿಸೋದು ಅಂತ ತಿಳ್ಕೊಂಡು ವಾದ ಮಾಡ್ತಿದ್ದೀರಿ. ಸ್ಟೋನ್ಸ್ ಕೇಳಿ ಬೆಳೆದದ್ದು ಷಿಕಾಗೋದ ಚೆಸ್ ಕಂಪನಿ ರೆಕಾರ್ಡುಗಳು: ಮಡ್ಡಿ ವಾಟರ್ಸ್, ಲಿಟಲ್ ವಾಲ್ಟರ್, ಚಕ್ ಬೆರಿ. ಆ ರೆಕಾರ್ಡುಗಳಲ್ಲಿ ಬಹಳಷ್ಟಕ್ಕೆ ಡ್ರಮ್ ನುಡಿಸಿದ ಫ್ರೆಡ್ ಬಿಲೋ ಜಾಝ್ ಕಲಿತು ಬಂದವರು. ಚಕ್ ಬೆರಿಯ ಗಿಟಾರ್ ನೇರ ನಡೆ, ಹಿಂದಿನ ಡ್ರಮ್ ತೂಗೋ ನಡೆ. ಒಂದು ನಾಲ್ಕರ ಚತುರಶ್ರದ ಹಾಗೆ, ಇನ್ನೊಂದು ಮೂರರ ತಿಶ್ರದ ಕಡೆ ವಾಲಿದ ಹಾಗೆ. ಎರಡರ ತಿಕ್ಕಾಟದಲ್ಲೇ ರಾಕ್ ಅಂಡ್ ರೋಲ್ ಹುಟ್ಟಿದ್ದು. ಮುಂದೆ ಬಂದ ರಾಕ್ ಡ್ರಮ್ಮರ್‌ಗಳು ಗಿಟಾರ್ ಜೊತೆ ತಾವೂ ನೇರ ಆಗಿಬಿಟ್ಟರು, ತೂಗು ಹೋಯ್ತು. ಚಾರ್ಲಿ ಬಿಡಲಿಲ್ಲ. ಕೀತ್ ನೇರ ನುಡಿಸುವಾಗ ಚಾರ್ಲಿಯ ಬಲಗೈ ಕೇಳಿ, ಎಂಟು ಪೆಟ್ಟೂ ಸಮ ಅಂತರದಲ್ಲಿ ಬೀಳಲ್ಲ. ಲಯಗಾರರೇ, ನೀವು ಕೇಳಿದ ಜಾಗ ಅದೇ. ಫಿಲ್‌ನಲ್ಲಿ ಹುಡುಕಿದರೆ ಸಿಗಲ್ಲ, ಎರಡು ಪೆಟ್ಟಿನ ನಡುವಿನ ಅಂತರದಲ್ಲಿ ಹುಡುಕಿ.

ಮೃದಂಗ ಮಠ
ಇದೇ ಮಾತು ಬರೀಬೇಕು ಅಂತಿದ್ದೆ. ನಮ್ಮಲ್ಲಿ ಪಕ್ಕವಾದ್ಯದವರನ್ನ ಅಳೆಯೋದು ತನಿ ಆವರ್ತನದಲ್ಲಿ (ಅವರೇ ನುಡಿಸೋ ಸೋಲೋ ಭಾಗ) ಮಾತ್ರ ಅಲ್ಲವಲ್ಲ. ಒಂದು ಚೌಕಕಾಲದ, ಅಂದ್ರೆ ನಿಧಾನ ನಡೆಯ ಕೃತಿಗೆ ಎಷ್ಟು ಕಡಿಮೆ ನುಡಿಸಿ ಎಷ್ಟು ಆಧಾರ ಕೊಟ್ಟರು ಅಂತ ಕೇಳೋರು ಕೇಳ್ತಾರೆ. ಚಾರ್ಲಿ ಅಂತೂ ಡ್ರಮ್ ಸೋಲೋ ಅಂದ್ರೆ ದೂರ. ಅಷ್ಟು ವರ್ಷ ಅಷ್ಟು ದೊಡ್ಡ ತಂಡದಲ್ಲಿದ್ದು "ನನಗೊಂದು ಐದು ನಿಮಿಷ ಬಿಡಿ" ಅನ್ನಲಿಲ್ಲ.

ಲಯಗಾರ
ಇದು ಸ್ವಲ್ಪ ಹತ್ತಿರ ಬಂತು. "ಹಾಂಕಿ ಟಾಂಕ್ ವಿಮೆನ್" ಮತ್ತೆ ಹಾಕ್ಕೊಂಡು ಬರೀ ಹೈ-ಹ್ಯಾಟ್ ಹಿಂದೆ ಹೋದೆ. ಹೌದು, ನೇರ ಇಲ್ಲ. ತಿಶ್ರವೂ ಅಲ್ಲ. ಬರೆದು ತೋರಿಸು ಅಂದ್ರೆ ನನ್ನ ಕೈಲಿ ಆಗಲ್ಲ. ಆದರೂ ಒಂದು ಕೇಳ್ತೀನಿ, ಗಿಟಾರ್‌ಗೂ ಡ್ರಮ್‌ಗೂ ನಡುವೆ ಒಂಚೂರು ಹಿಂದೆ ಮುಂದೆ ಇದೆಯಲ್ಲ, ಅದು ಬೇಕಂತ ಮಾಡಿದ್ದಾ?

ಡ್ರಮ್ ಟೀಚರ್
ಸ್ಟೋನ್ಸ್ ಕಟ್ಟಡವೇ ಹಾಗೆ. ಬೇರೆ ತಂಡಗಳಲ್ಲಿ ಎಲ್ಲರೂ ಡ್ರಮ್ಮರ್ ಹಿಂದೆ ಹೋಗ್ತಾರೆ. ಇಲ್ಲಿ ಚಾರ್ಲಿ ಕೀತ್ ಗಿಟಾರ್ ಹಿಂದೆ ಹೋಗ್ತಾರೆ, ಉಳಿದವರು ಚಾರ್ಲಿ ಹಿಂದೆ. ಬಾಸ್ ನುಡಿಸ್ತಿದ್ದ ಬಿಲ್ ವೈಮನ್ ಇದನ್ನ ವಿವರಿಸಿದ್ದಾರೆ. ಹಾಗಾಗಿ ಕೂದಲೆಳೆಯಷ್ಟು ತಡ ಯಾವಾಗಲೂ ಇರುತ್ತೆ. ಗಾಯಕರ ಬಾಯಿ ನೋಡಿಕೊಂಡು ನುಡಿಸೋ ಹಾಗೆ, ಗಿಟಾರ್ ಕೈ ನೋಡಿಕೊಂಡು ನುಡಿಸೋದು. ಕಿವಿ ತೆರೆದಿಟ್ಟುಕೊಂಡೇ ಕೂರಬೇಕು, ಮನಸ್ಸಲ್ಲಿ ಎಣಿಸ್ತಾ ಕೂರೋಕೆ ಆಗಲ್ಲ.

ಶಿವಮೊಗ್ಗ ಎಕ್ಸ್‌ಪ್ರೆಸ್
ಆಮ್‌ಸ್ಟರ್‌ಡ್ಯಾಮ್ ಹೋಟೆಲ್ ಕಥೆ ಯಾರೂ ಹೇಳಲಿಲ್ಲ! 1984. ಬೆಳಗಿನ ಜಾವ ಕುಡಿದಿದ್ದ ಜಾಗರ್ ಚಾರ್ಲಿ ರೂಮಿಗೆ ಫೋನ್ ಮಾಡಿ "ನನ್ನ ಡ್ರಮ್ಮರ್ ಎಲ್ಲಿ" ಅಂದನಂತೆ. ಚಾರ್ಲಿ ಎದ್ದು, ಶೇವ್ ಮಾಡಿಕೊಂಡು, ಸೂಟು ಟೈ ಹಾಕಿ, ಬೂಟು ತೊಟ್ಟು, ಬಂದು ಮುಖಕ್ಕೆ ಒಂದು ಕೊಟ್ಟು, ಇನ್ನೊಮ್ಮೆ ಹಾಗೆ ಕರೀಬೇಡ ಅಂದು ಹೋದರಂತೆ. ಕೀತ್ ಆತ್ಮಕಥೆಯಲ್ಲಿದೆ.

ಕುಡ್ಲದ ಕಿವಿ
ಆ ಕತೆ ಎಲ್ಲ ಕಡೆ ಉಂಟು ಮಾರಾಯ್ರೆ, ಆದ್ರೆ ಅದೇ ಅವರ ಗುರುತು ಆಗ್ಲಿಕ್ಕೆ ಬಾರದು. ಅವರೇ ಮತ್ತೆ ಹೇಳಿದ್ದಾರೆ, ಕುಡಿದಿದ್ದರಿಂದ ಹಾಗಾಯ್ತು, ಹೆಮ್ಮೆಪಡುವಂಥದ್ದು ಅಲ್ಲ ಅಂತ. ಅದು ಅವರ ಜೀವನದ ಕೆಟ್ಟ ಕಾಲ. ಎಂಬತ್ತರ ದಶಕದ ನಡುವಿನಲ್ಲಿ ಕುಡಿತ, ಹೆರಾಯಿನ್, ಎರಡೂ ಹಿಡಿದುಕೊಂಡಿತ್ತು. ತಂಡದ ಉಳಿದವರು ಅದರಲ್ಲಿ ಮುಳುಗಿದ್ದಾಗ ದೂರ ಇದ್ದ ಮನುಷ್ಯ, ನಲವತ್ತು ದಾಟಿದ ಮೇಲೆ ಬಿದ್ದದ್ದು. ನೆಲಮಾಳಿಗೆಗೆ ವೈನ್ ಬಾಟಲಿ ತರಲಿಕ್ಕೆ ಇಳಿಯುವಾಗ ಜಾರಿ ಕಾಲಿನ ಗಂಟು ಮುರಿದುಕೊಂಡ್ರು. ಆಗ ಅವರಿಗೆ ಲಂಡನ್ನಿನ ರಾನಿ ಸ್ಕಾಟ್ಸ್ ಜಾಝ್ ಕ್ಲಬ್‌ನಲ್ಲಿ ನುಡಿಸ್ಲಿಕ್ಕೆ ಇತ್ತು. ಅಲ್ಲಿಗೆ ಎಲ್ಲ ನಿಲ್ಲಿಸಿಬಿಟ್ರು. ಪತ್ನಿ ಶರ್ಲಿ ಜೊತೆಗಿದ್ದರು, 1964ರಲ್ಲಿ ಮದುವೆ ಆದವರು ಕೊನೆಯವರೆಗೆ ಒಟ್ಟಿಗೆ. ಡೆವನ್‌ನಲ್ಲಿ ಅರಬ್ಬಿ ಕುದುರೆ ಸಾಕಿಕೊಂಡು ಇದ್ರು. ಕಾರು ಓಡಿಸ್ಲಿಕ್ಕೆ ಬರ್ತಿರ್ಲಿಲ್ಲ, ಹಳೆಯ ಚಂದದ ಕಾರು ಮಾತ್ರ ಇಟ್ಟುಕೊಂಡಿದ್ರು. 1967ರಿಂದ ತಾನು ಮಲಗಿದ ಪ್ರತಿ ಹೋಟೆಲ್ ಹಾಸಿಗೆಯ ಚಿತ್ರ ಬಿಡಿಸಿದ್ದಾರೆ ಗೊತ್ತುಂಟಾ?

ಕಾಗದ ಕತ್ತರಿ
ಆ ಚಿತ್ರಗಳ ಬಗ್ಗೆ ಹೇಳಿದ್ದು ಒಳ್ಳೇದಾಯ್ತು. ಹ್ಯಾರೋ ಆರ್ಟ್ ಸ್ಕೂಲಿನಲ್ಲಿ ಕಲಿತು ಜಾಹೀರಾತು ಕಂಪನಿಯಲ್ಲಿ ಡಿಸೈನರ್ ಆಗಿದ್ದವರು. 1963ರ ಜನವರಿಯಲ್ಲಿ ಸ್ಟೋನ್ಸ್ ಸೇರುವಾಗ ಹಿಂದೆ ಮುಂದೆ ನೋಡಿದ್ದೇ ಆ ಕೆಲಸದ ಸಂಬಳ ಬಿಡಬೇಕಲ್ಲ ಅಂತ. ಸ್ಟೋನ್ಸ್‌ಗೆ ಸೇರೋ ಮುಂಚೆಯೇ ಚಾರ್ಲಿ ಪಾರ್ಕರ್ ಜೀವನವನ್ನ ಒಂದು ಹಕ್ಕಿಯ ಕಥೆಯಾಗಿ ಬರೆದು ಚಿತ್ರ ಬಿಡಿಸಿದ್ರು, ಮಕ್ಕಳ ಪುಸ್ತಕದ ಥರ. ಪಾರ್ಕರ್‌ಗೆ "ಬರ್ಡ್" ಅಂತ ಅಡ್ಡಹೆಸರು ಇತ್ತಲ್ಲ, ಅದಕ್ಕೆ. ಸ್ಟೋನ್ಸ್ ಹೆಸರು ಮಾಡಿದ ಮೇಲೆ ಅದು ಪುಸ್ತಕವಾಗಿ ಬಂತು. 1967ರ "ಬಿಟ್ವೀನ್ ದ ಬಟನ್ಸ್" ಆಲ್ಬಮ್ ಹಿಂಬದಿಯ ಚಿತ್ರಪಟ್ಟಿಯೂ ಅವರದೇ. ವೇದಿಕೆ ವಿನ್ಯಾಸದಲ್ಲೂ ಕೂತು ಕೆಲಸ ಮಾಡ್ತಿದ್ರು.

ಮತ್ತೆ 1975ರ ಮೇ 1, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ. ಅಮೆರಿಕ ಪ್ರವಾಸ ಘೋಷಿಸೋಕೆ ಪತ್ರಿಕಾಗೋಷ್ಠಿ ಅಂತ ಕರೆದು, ಸ್ಟೋನ್ಸ್ ತೆರೆದ ಲಾರಿ ಮೇಲೆ ನುಡಿಸ್ತಾ ಬೀದಿಯಲ್ಲಿ ಬಂದರು. ಆ ಉಪಾಯ ಚಾರ್ಲಿದು. ಹಳೇ ಕಾಲದ ಜಾಝ್ ತಂಡಗಳು ಹೀಗೆ ಗಾಡಿ ಮೇಲೆ ನುಡಿಸ್ತಾ ಪ್ರಚಾರ ಮಾಡ್ತಿದ್ದದ್ದು ಅವರಿಗೆ ಗೊತ್ತಿತ್ತು.

ಹಳೇ ರೆಕಾರ್ಡು
ಜಾಝ್ ತಂದದ್ದಕ್ಕೆ ಇನ್ನೊಂದು ಸಾಕ್ಷಿ: ಬಿಲ್ ವೈಮನ್ ತಂಡ ಬಿಟ್ಟ ಮೇಲೆ ಹೊಸ ಬಾಸ್ ವಾದಕನ ಆಯ್ಕೆಯನ್ನ ಚಾರ್ಲಿಗೆ ಬಿಟ್ಟರು. ಅವರು ಆರಿಸಿದ್ದು ಡ್ಯಾರಿಲ್ ಜೋನ್ಸ್‌ನ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದ ಹುಡುಗ.

ಹುಬ್ಬಳ್ಳಿ ಹುಡುಗ
ಇದು ಗೊತ್ತಿರಲಿಲ್ಲ ನನಗ. ಡ್ಯಾರಿಲ್ ಜೋನ್ಸ್ ಭಾರಿ ಬಾಸ್ ರಿ. ಹಂಗಾರ ಚಾರ್ಲಿ ಜಾಝ್ ನುಡಿಸಿದ್ದೇ ಕೇಳಬೇಕಂದ್ರ ಯಾವುದು ಕೇಳಲಿ? ಸ್ಟೋನ್ಸ್ ಬ್ಯಾಡ.

ಹಳೇ ರೆಕಾರ್ಡು
1986ರ "ಲೈವ್ ಅಟ್ ಫುಲಮ್ ಟೌನ್ ಹಾಲ್" ಮೊದಲು. 30ಕ್ಕೂ ಹೆಚ್ಚು ವಾದಕರ ಬಿಗ್ ಬ್ಯಾಂಡ್, ಒಬ್ಬರಿಗಿಂತ ಹೆಚ್ಚು ಡ್ರಮ್ಮರ್. ಇಂಗ್ಲೆಂಡಿನ ಹಳೇ ತಲೆಗಳು, ಕೋರ್ಟ್ನಿ ಪೈನ್‌ನಂಥ ಹೊಸಬರು, ಎಲ್ಲರನ್ನೂ ಒಟ್ಟು ಹಾಕಿ ಕೂರಿಸಿದರು. ಗದ್ದಲ ಇದೆ, ಆದರೆ ಆ ಸಂತೋಷ ಬೇರೆ ಎಲ್ಲೂ ಸಿಗಲ್ಲ. ಆಮೇಲೆ 1991ರಿಂದ ಐದು ಜನರ ತಂಡ, ಆಲ್ಟೋ ಸ್ಯಾಕ್ಸ್ ಮೇಲೆ ಪೀಟರ್ ಕಿಂಗ್, ಬಾಸ್ ಅದೇ ಬಾಲ್ಯದ ಗೆಳೆಯ. "ಫ್ರಮ್ ಒನ್ ಚಾರ್ಲಿ" ಅಂತ ಆಲ್ಬಮ್, ಪಾರ್ಕರ್‌ಗೆ ನಮನ. 2004ರ "ವಾಟ್ಸ್ ಅಟ್ ಸ್ಕಾಟ್ಸ್" ರಾನಿ ಸ್ಕಾಟ್ಸ್‌ನಲ್ಲೇ ಧ್ವನಿಮುದ್ರಣ ಆಗಿದ್ದು. ನನಗೆ ಎಲ್ಲಕ್ಕಿಂತ ಇಷ್ಟ ಅದು. ಅದೇ ವರ್ಷ ಗಂಟಲು ಕ್ಯಾನ್ಸರ್ ಬಂತು, ಚಿಕಿತ್ಸೆ ಮುಗಿಸಿ ಬಂದು ಸ್ಟೋನ್ಸ್‌ನ "ಎ ಬಿಗ್ಗರ್ ಬ್ಯಾಂಗ್"ಗೆ ನುಡಿಸಿದರು.

ಮೃದಂಗ ಮಠ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ. ಚಾರ್ಲಿ, ಜಾಝ್ ಅಂದಾಗ ನನಗೆ ನೆನಪಾಗೋದು ಚಾರ್ಲಿ ಮೇರಿಯಾನೋ. ಅಮೆರಿಕದ ಸ್ಯಾಕ್ಸೋಫೋನ್ ವಾದಕ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ 1983ರಲ್ಲಿ "ಜ್ಯೋತಿ" ಅಂತ ಆಲ್ಬಮ್ ಮಾಡಿದರು. ಟಿ.ಎ.ಎಸ್. ಮಣಿ ಅವರ ಮೃದಂಗ, ರಮಾಮಣಿ ಅವರ ಗಾಯನ. ಜಾಝ್‌ಗೂ ನಮ್ಮ ಲಯಕ್ಕೂ ಏನು ಸಂಬಂಧ ಅಂತ ಕೇಳೋರು ಇದನ್ನ ಕೇಳಲೇಬೇಕು.

ಬಸವನಗುಡಿ 86
ಆಹಾ, ರಮಾಮಣಿ ಅವರ ಧ್ವನಿ! ಇದಕ್ಕೆ ಬೇರೆ ಎಳೆ ಶುರು ಮಾಡಿ ಸಾರ್, ಬರೆಯೋದು ಬಹಳ ಇದೆ.

ಕಾಗದ ಕತ್ತರಿ
ನಮ್ಮ ಕಡೆ ನಂಟು ಅಂದರೆ "ಸ್ಟ್ರೀಟ್ ಫೈಟಿಂಗ್ ಮ್ಯಾನ್" ಹಾಡಿನ ಕೊನೇಲಿ ಶಹನಾಯಿ ಇದೆ, ನುಡಿಸಿದ್ದು ಡೇವ್ ಮೇಸನ್. ಆ ಹಾಡಿನ ಡ್ರಮ್ ಅಂತೂ ವಿಚಿತ್ರ. ಚಾರ್ಲಿ ಬಳಸಿದ್ದು 1930ರ ದಶಕದ ಒಂದು ಅಭ್ಯಾಸದ ಕಿಟ್, ಮಡಚಿ ಪೆಟ್ಟಿಗೆಯೊಳಗೆ ಇಡೋಂಥದ್ದು, ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು. ಕೀತ್ ಅಕೂಸ್ಟಿಕ್ ಗಿಟಾರ್, ಚಾರ್ಲಿ ಆ ಆಟಿಕೆಯಂಥ ಡ್ರಮ್, ಇಬ್ಬರೂ ನೆಲದ ಮೇಲೆ ಕೂತು ಸಣ್ಣ ಕ್ಯಾಸೆಟ್ ರೆಕಾರ್ಡರ್‌ಗೆ ನುಡಿಸಿದ್ದು. ಕ್ಯಾಸೆಟ್ ತಾಳಲಾರದೆ ಸದ್ದು ಒಡೆದು ಒರಟಾಯ್ತು, ಆ ಒರಟನ್ನೇ ಸ್ಟುಡಿಯೋಗೆ ತಂದು ಹಾಡಿಗೆ ತಳಪಾಯ ಮಾಡಿದರು.

ಲಯಗಾರ
ಅಬ್ಬಾ, ಅದು ಪೂರ್ತಿ ಡ್ರಮ್ ಸೆಟ್ ಅಂತಲೇ ನಂಬಿದ್ದವರು ಎಷ್ಟು ಜನ ಇರಬಹುದು! ಇವತ್ತು ರಾತ್ರಿ ಅದೇ ಕೇಳ್ತೀನಿ. ಸ್ಟೋನ್ಸ್ ಹಾಡಲ್ಲೇ ಜಾಝ್ ಎದ್ದು ಕಾಣೋದು ಒಂದು ಹೇಳಿ ಟೀಚರ್, ಹುಬ್ಬಳ್ಳಿಯವರೂ ಒಪ್ಪೋ ಹಾಗೆ.

ಡ್ರಮ್ ಟೀಚರ್
1971ರ "ಕಾಂಟ್ ಯೂ ಹಿಯರ್ ಮಿ ನಾಕಿಂಗ್". ಏಳು ನಿಮಿಷದ ಹಾಡು. ಮೂರನೇ ನಿಮಿಷದ ಸುಮಾರಿಗೆ ಹಾಡು ಮುಗೀತು ಅನ್ನಿಸುತ್ತೆ, ಅಲ್ಲಿಂದ ಬೇರೆ ಲೋಕ. ಕಾಂಗಾ ಡ್ರಮ್, ಬಾಬಿ ಕೀಸ್ ಸ್ಯಾಕ್ಸೋಫೋನ್, ಮಿಕ್ ಟೇಲರ್ ಗಿಟಾರ್, ಯಾರೂ ಮುಂಚೆ ಬರೆದುಕೊಂಡದ್ದಲ್ಲ. ಚಾರ್ಲಿ ಅಲ್ಲಿ ಯಾವಾಗ ತಗ್ಗಿಸ್ತಾರೆ, ಯಾವಾಗ ತಳ್ಳುತ್ತಾರೆ ಅಂತ ಮಾತ್ರ ಗಮನಿಸಿ. ಇನ್ನೊಂದು, 1981ರ "ವೇಟಿಂಗ್ ಆನ್ ಎ ಫ್ರೆಂಡ್". ಸ್ಯಾಕ್ಸೋಫೋನ್ ಸಾನಿ ರಾಲಿನ್ಸ್! ಚಾರ್ಲಿ ದೇವರ ಹಾಗೆ ಕಾಣ್ತಿದ್ದ ಜಾಝ್ ವಾದಕ.

ಹುಬ್ಬಳ್ಳಿ ಹುಡುಗ
ನಾಕಿಂಗ್ ಕೇಳಿದ್ನಿರಿ ಈಗ. ಅದು ಒಪ್ಪತೇನಿ, ಅಲ್ಲಿ ಮನೋಧರ್ಮ ಐತಿ. ಜಿಂಜರ್ ಬೇಕರ್ ನನಗ ಇನ್ನೂ ಮ್ಯಾಲೇ. ಆದ್ರ ಜಿಂಜರ್‌ನ ಸ್ಟೋನ್ಸ್‌ನ್ಯಾಗ ಕುಂದ್ರಿಸಿದ್ರ ಆ ತಂಡ ಆರು ತಿಂಗಳು ಬಾಳತಿರಲಿಲ್ಲ.

ಕುಡ್ಲದ ಕಿವಿ
ಸತ್ಯ. ಕ್ರೀಮ್ ಬಾಳಿದ್ದೇ ಎರಡು ಚಿಲ್ಲರೆ ವರ್ಷ.

ಶಿವಮೊಗ್ಗ ಎಕ್ಸ್‌ಪ್ರೆಸ್
ಈಗಿನ ಡ್ರಮ್ಮರ್ ಸ್ಟೀವ್ ಜೋರ್ಡನ್ ಹೇಗೆ? 2021ರ ಆಗಸ್ಟ್ 24ಕ್ಕೆ ಚಾರ್ಲಿ ತೀರಿಕೊಂಡ ಮೇಲೆ ನಾನು ಹೊಸದೇನೂ ಕೇಳಿಲ್ಲ.

ಡ್ರಮ್ ಟೀಚರ್
ಜೋರ್ಡನ್ ಅದ್ಭುತ ಡ್ರಮ್ಮರ್, ಎಣಿಕೆ ಬಂಡೆ. ಆದರೆ ಈಗ ಎಲ್ಲರೂ ಡ್ರಮ್ಮರ್ ಹಿಂದೆ ಹೋಗ್ತಾರೆ, ಆ ಕೂದಲೆಳೆ ತಡ ಹೋಯ್ತು. ನನಗೆ ಅದು ಕೊರತೆ ಅನ್ನಿಸುತ್ತೆ.

ಬಸವನಗುಡಿ 86
ನನಗೆ ಅನ್ನಿಸಲ್ಲ. ಜೋರ್ಡನ್‌ನ ಚಾರ್ಲಿಯೇ ಸೂಚಿಸಿದ್ದು, ತನ್ನ ಆರೋಗ್ಯ ಕೆಟ್ಟಾಗ. ತಂಡ ನಿಲ್ಲಬಾರದು ಅಂತ ಅವರಿಗೇ ಇತ್ತು.

ಹಳೇ ರೆಕಾರ್ಡು
ಶಿವಮೊಗ್ಗದವರೇ, 2023ರ "ಹ್ಯಾಕ್ನಿ ಡೈಮಂಡ್ಸ್" ಕೇಳಿ. ಅದರಲ್ಲಿ ಎರಡು ಹಾಡಿಗೆ ಡ್ರಮ್ ಚಾರ್ಲಿಯೇ, ಮೊದಲೇ ಮುದ್ರಿಸಿಟ್ಟದ್ದು: "ಮೆಸ್ ಇಟ್ ಅಪ್", "ಲಿವ್ ಬೈ ದ ಸೋರ್ಡ್". ಎರಡನೇದಕ್ಕೆ ಬಿಲ್ ವೈಮನ್ ಬಂದು ಬಾಸ್ ನುಡಿಸಿದ್ದಾರೆ. ಉಳಿದವುಗಳಲ್ಲಿ ಡ್ರಮ್ ಇರೋ ಹಾಡುಗಳಿಗೆ ಜೋರ್ಡನ್. ಒಂದಾದ ಮೇಲೊಂದು ಹಾಕ್ಕೊಂಡು ಟೀಚರ್ ಹೇಳಿದ ತಡ ಸಿಗುತ್ತಾ ನೋಡಿ ಬರೀರಿ.